ಏಡ್

ಹದಿನೇಳನೆಯ ಕಾರ್ಡು. ಬಿಳಿ ರಟ್ಟಿನ ಮೇಲೆ
ಗಡ್ಡ ಬಿಟ್ಟ ಕರಿ ಆಡು.
ಅಡಿಯ ಅಕ್ಷರಗಳನ್ನು ಹೆಬ್ಬೆರಳಲ್ಲಿ ಮುಚ್ಚಿ
ಕೇಳುತ್ತೇನೆ: ಇದೇನು, ದೂಮಪ್ಪಣ್ಣ?

ಅತ್ತಾವರದ ಈ ಕೋಣೆಗೆ ಕಿಟಕಿ ಒಂದೇ.
ಹೊರಗೆ ಬಸ್ಸುಗಳು ಅವರ ಹಳೆಯ ಕೆಲಸವನ್ನು
ಬೇರೆ ಬಾಯಿಗಳಿಂದ ಕೂಗಿಸುತ್ತ ಹೋಗುತ್ತವೆ:
ತೊಕ್ಕೊಟ್ಟು, ತೊಕ್ಕೊಟ್ಟು, ಉಳ್ಳಾಲ...
ಮೂವತ್ತೊಂದು ವರ್ಷ ಫುಟ್‌ಬೋರ್ಡಿನಲ್ಲಿ ನಿಂತು
ಗಂಟಲಿಂದಲೇ ಬಸ್ಸು ಓಡಿಸಿದ ಮನುಷ್ಯ.
ತಲೆಯೊಳಗೆ ಗುಲಗಂಜಿಯಷ್ಟು ರಕ್ತ ಹೆಪ್ಪುಗಟ್ಟಿತು,
ಒಂದು ಸ್ಟಾಪೂ ಉಳಿಯಲಿಲ್ಲ.

ನಾಲ್ಕು ವಾರ ಹೂವಿಗೂ ಇಲ್ಲ, ಕೊಡೆಗೂ ಇಲ್ಲ,
ಬಾಳೆಹಣ್ಣಿಗೆ ಬರೀ ಎಂಜಲು.
ಆಡಿಗೆ ತುಟಿ ಅಲುಗಿತು.

ಏಡ್.

ಲೋಲಾಕ್ಷಕ್ಕ ಬುತ್ತಿ ಚೀಲವನ್ನು
ಎದೆಗೆ ಅವುಚಿಕೊಂಡು ಎದ್ದು ನಿಂತರು.
ನಾನು, ಹಿರಿಯೂರಿನವಳು, ಕೆಲಸ ಕಲಿತವಳು,
ತಿದ್ದಿದೆ: ಆಡು, ಅಣ್ಣ. ಆ... ಡು.
ಟಿಕೇಟು ತೆಗೆಯದವರನ್ನು ನೋಡುವ ಹಾಗೆ
ನನ್ನನ್ನು ನೋಡಿ ಮತ್ತೆ ಅಂದರು:
ಏಡ್.

ಆ ರಾತ್ರಿ ಜೆಪ್ಪುವಿನ ಬಾಡಿಗೆ ಕೋಣೆಯಲ್ಲಿ
ದಪ್ಪ ನಿಘಂಟು ತೊಡೆಯ ಮೇಲೆ.
ಆಡು, ನಾಮಪದ: ನಾಲ್ಕು ಕಾಲು, ಒಂದು ಗಡ್ಡ.
ಆಡು, ಕ್ರಿಯಾಪದ: ನುಡಿ, ಕುಣಿ, ಅಲುಗು.
ಸದಾ ಆಡುತ್ತಿರುವುದರಿಂದ ಅದು ಆಡು ಎಂದು
ತಿಪ್ಪೇರುದ್ರಪ್ಪ ಮೇಷ್ಟ್ರು ಐದನೇ ಕ್ಲಾಸಿನಲ್ಲಿ ಹೇಳಿದ್ದರು.
ಮರಿ ನೆಗೆಯುವುದನ್ನು ಕಂಡ ಯಾರು ತಾನೇ ನಂಬುವುದಿಲ್ಲ?
ನಿಘಂಟು ನಂಬಲಿಲ್ಲ. ಬೇರು ಬೇರೆ ಬೇರೆ ಎಂದಿತು.
ಪ್ರಾಣಿಗೆ ಬಹಳ ಹಿಂದೆ, ಮುಂದೊಂದು ಯಕಾರವಿತ್ತಂತೆ: ಯಾಡು.
ಕನ್ನಡ ಅದನ್ನು ಎಲ್ಲೋ ಮೇಯಲು ಬಿಟ್ಟು
ಮರೆತು ಮನೆಗೆ ಬಂತು.
ತುಳು ಬಿಡಲಿಲ್ಲ. ಬಾಯೊಳಗೇ ಬಾಗಿಸಿ
ಏ ಮಾಡಿ ಇಟ್ಟುಕೊಂಡಿತು.

ಅಂದರೆ ನಾನು ತಿದ್ದಿದ್ದು
ನನ್ನದಕ್ಕಿಂತ ಹಳೆಯ ಗುರುತನ್ನು.

ದೀಪ ಆರಿಸಿದರೂ ನಿದ್ದೆಯಿಲ್ಲ.
ಆಡು ಮುಟ್ಟದ ಸೊಪ್ಪಿಲ್ಲ, ಅಜ್ಜಿ ಹೇಳುತ್ತಿದ್ದದ್ದು
ಯಾವ ಆಡಿಗೆ?
ಓಡು ಎಂಬ ಚಿಗುರಿಗೆ ಬಾಯಿ ಹಾಕಿತು: ಓಡಾಡು.
ಹುಡುಕುವುದನ್ನು ಬಿಡಲಿಲ್ಲ, ಒದೆಯನ್ನು ಬಿಡಲಿಲ್ಲ,
ಮುದ್ದನ್ನು, ಜಗಳವನ್ನು, ಉಸಿರನ್ನು ಕೂಡ.
ಅದು ಕಚ್ಚಿದ ಮೇಲೆಯೇ ಮಾತು ಮಾತಾಡಿದ್ದು.
ಅಲ್ಲಿಯವರೆಗೆ ಅದೂ ನನ್ನ ಪೆಟ್ಟಿಗೆಯಲ್ಲಿ
ಒಂದು ಕಾರ್ಡು.

ಮುಂದಿನ ಸೋಮವಾರ ಕೊಡೆ ತೋರಿಸಿದೆ: ಏಡ್.
ಬಾಳೆಹಣ್ಣು: ಏಡ್.
ಗಡಿಯಾರ, ಬೀಗ, ಪೊಲೀಸು: ಏಡ್, ಏಡ್, ಏಡ್.
ನಾನು ಸೋತ ಮುಖ ಮಾಡಿದ್ದಿರಬೇಕು;
ಲೋಲಾಕ್ಷಕ್ಕ ನಗುತ್ತ ಲೆಕ್ಕ ಒಪ್ಪಿಸಿದರು.
ನೀರು ಕೊಡು ಅನ್ನಲು ಏಡ್ ಮೇಲಕ್ಕೇರುತ್ತದೆ.
ಫ್ಯಾನು ಹಾಕು, ಎರಡು ಸಲ, ಬೇಗ ಬೇಗ.
ಬೂತಾಯಿ ಸಾರಿಗೆ ಉಪ್ಪು ಸಾಲದಿದ್ದರೆ ಮೂಗಿನಿಂದ.
ಮಗಳ ಫೋನು ಬಂದಾಗ ಬರೀ ಏ,
ಡ್ ಬರುವುದೇ ಇಲ್ಲ.
"ರಾತ್ರಿ ಒಂದು ನಮೂನೆ ಹೇಳ್ತಾರೆ ಮೇಡಂ,
ಅದನ್ನು ನಿಮಗೆ ಹೇಳುವುದಿಲ್ಲ."

ವರದಿಯಲ್ಲಿ ಒಂದು ಖಾನೆ ಇದೆ:
ರೋಗಿ ಆಡಿದ ಪದಗಳ ಸಂಖ್ಯೆ.
ಒಂದು ಎಂದು ಬರೆದೆ. ಹೊಡೆದು ಹಾಕಿದೆ.
ಏನು ಬರೆಯಲಿ? ಮತ್ತೆ ಒಂದು ಎಂದೇ ಬರೆದೆ.

ಶನಿವಾರ ಗೇಟಿನವರೆಗೆ ಬಿಡಲು ಹೋದೆ.
ತೊಕ್ಕೊಟ್ಟಿನ ಬಸ್ಸು ಬಂದು ನಿಂತಿತು.
ಕಂಡಕ್ಟರ್ ಹುಡುಗ ಗುರುತು ಹಿಡಿದು
ಕಂಕುಳಿಗೆ ಕೈಕೊಟ್ಟು ಹತ್ತಿಸಿದ,
ಯಾರನ್ನೋ ಎಬ್ಬಿಸಿ ಸೀಟು ಮಾಡಿದ.
ಅವರು ಕೂರಲಿಲ್ಲ.
ಬಾಗಿಲ ಕಂಬಿಗೆ ಸೊಂಟ ಆನಿಸಿ
ಹಿಂದೆ ನೋಡಿದರು, ಮುಂದೆ ನೋಡಿದರು,
ಒಬ್ಬ ಹೆಂಗಸಿನ ಸೆರಗು ಒಳಗೆ ಬರುವವರೆಗೆ ಕಾದರು,
ಎಡಗೈಯಿಂದ ತಗಡಿಗೆ ಎರಡು ಬಡಿದರು:

ಏಡ್!

ಡ್ರೈವರ್ ತಿರುಗಿಯೂ ನೋಡಲಿಲ್ಲ.
ಗೇರು ಬಿತ್ತು.
ಬಸ್ಸು ಹೊರಟಿತು.